ಏಳು ದೇವಾಲಯಗಳ ಎಣಿಕೆ

ತಪಸ್ಸುಕಾಲದಲ್ಲಿ ಕೊಳ್ಳೇಗಾಲದಿಂದ ಹನೂರಿನಾಚೆಯ ಮಾರ್ಟಳ್ಳಿಯವರೆಗೆ ಹಳೆಯ ದೇವಾಲಯಗಳನ್ನು ಸಂದರ್ಶಿಸಲು ವಿಶ್ವಾಸಿಗಳು ವಾಹನಗಳಲ್ಲಿ ಹೊರಡುತ್ತಾರೆ. 16ನೇ ಶತಮಾನದಲ್ಲಿ ಸಂತ ಫಿಲಿಪ್ ನೇರಿಯವರು ಜನರೊಡನೆ ರೋಮಿನ ಏಳು ದೇವಾಲಯಗಳಿಗೆ ನಡೆದೇ ಹೋದರು. ನಾವು ಸಂಖ್ಯೆಯನ್ನು ಉಳಿಸಿಕೊಂಡು ನಡಿಗೆಯನ್ನು ಬಿಟ್ಟಿದ್ದೇವೆ.

ಒಮ್ಮೆ ಯುಗಾದಿಯ ಮುನ್ನಾದಿನಗಳಲ್ಲಿ, ಮಲೆ ಮಹದೇಶ್ವರ ಬೆಟ್ಟಕ್ಕೆ ಬರಿಗಾಲಲ್ಲಿ ಸಾಗುತ್ತಿದ್ದ ಭಕ್ತರಿಗಾಗಿ ನಮ್ಮ ವಾಹನ ಹನೂರಿನ ರಸ್ತೆಯಲ್ಲಿ ನಿಂತಿತು. ಸಮಯ ಮೀರುವುದೆಂದು ನಾನೇ ಸಿಡುಕಿದೆ. ಮುಂದಿನ ದೇವಾಲಯದಲ್ಲಿ ಶಿಲುಬೆಯ ಮುಂದೆ ಮೊಣಕಾಲೂರಿದಾಗ ಆ ಸಿಡುಕೇ ಪ್ರಾರ್ಥನೆಗೆ ಅಡ್ಡವಾಯಿತು.

ಹಾಗಾದರೆ ವಾಹನವೇರುವುದು ತಪ್ಪೇ? ಅಲ್ಲ, ವೃದ್ಧರೂ ರೋಗಿಗಳೂ ಬರಬೇಕಲ್ಲವೇ? ಆದರೆ ಎಣಿಕೆಯನ್ನು ಮುಗಿಸುವ ಅವಸರದಲ್ಲಿ ದಾರಿಯ ಮನುಷ್ಯ ಅಡಚಣೆಯಾಗಿ ಕಂಡರೆ, ನಮ್ಮ ಯಾತ್ರೆ ದೇವರತ್ತ ಸಾಗುತ್ತಿಲ್ಲ. ಪ್ರಿಯ ವಾಚಕರೇ, ಈ ವರ್ಷ ಒಂದೇ ದೇವಾಲಯವಾದರೂ ಸಾಕು. ಕೈಲಾದಷ್ಟು ದೂರ ನಡೆಯೋಣ. ಎದುರಾದವರಿಗೆ ದಾರಿ ಬಿಡೋಣ.