ಗೀರು ಮತ್ತು ಕಲೆ

ಅಜ್ಜಿಯ ಹಳೇ ಫೋಟೋ ಸ್ಕ್ಯಾನ್ ಮಾಡಿದೆ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದ. 600 ಡಿಪಿಐನಲ್ಲಿ 2400 × 3600, ಅಂದ್ರೆ ಸುಮಾರು 86 ಲಕ್ಷ ಪಿಕ್ಸೆಲ್. ಸ್ಕ್ರೀನ್ ಮೇಲೆ ಎರಡು ಎದ್ದು ಕಂಡವು: ಕಾಗದ ಮಡಚಿದ ಗೀರು, ಕೆನ್ನೆಯ ಮೇಲಿನ ಸಿಡುಬಿನ ಕಲೆಗಳು.

ಹೀಲಿಂಗ್ ಬ್ರಷ್‌ಗೆ ಎರಡೂ ಒಂದೇ. ಪಕ್ಕದ ಪಿಕ್ಸೆಲ್ ತಂದು ತೇಪೆ ಹಾಕುತ್ತೆ ಅಷ್ಟೇ. ಅಡಿಯಲ್ಲಿ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಗೀರು ಕಾಗದದ್ದು, ತೆಗೆದೆ. ಕಲೆಗಳ ಹತ್ತಿರ ಕೈ ನಿಂತಿತು.

‘ಅದನ್ನೂ ತೆಗ್ದುಬಿಡು ಕಣೋ,’ ಅಂದ್ರು ಅತ್ತೆ. ‘ಆ ಕಲೆಗೆ ನಾಚ್ಕೊಂಡು ಅಮ್ಮ ಫೋಟೋಗೇ ನಿಲ್ತಿರ್ಲಿಲ್ಲ. ಇದೊಂದೇ ಇರೋದು.’

ಇದ್ದದ್ದು ಇದ್ದ ಹಾಗೇ ಉಳೀಬೇಕು ಅಂತ ವಾದಿಸಿದೆ. ಆದ್ರೆ ನನ್ನ ಸೆಲ್ಫಿಗೆ ಫಿಲ್ಟರ್ ಹಾಕೋವಾಗ ಈ ನಿಯಮ ನೆನಪಾಗಿರಲಿಲ್ಲ. ನನ್ನ ಮುಖದ ಮೇಲೆ ನನಗಿರೋ ಹಕ್ಕು ಅಜ್ಜಿಗೂ ಇತ್ತಲ್ಲ?

ಮೂಲ ಸ್ಕ್ಯಾನನ್ನು ಮುಟ್ಟದೆ ಟಿಫ್ ಫೈಲಾಗಿ ಇಟ್ಟೆ. ಪ್ರತಿಯಲ್ಲಿ ಕಲೆ ತೆಗೆದು, ಪ್ರಿಂಟಿನ ಹಿಂದೆ ‘ತಿದ್ದಿದ್ದು’ ಅಂತ ಬರೆದು ಅತ್ತೆಗೆ ಕೊಟ್ಟೆ. ತಿದ್ದೋದಕ್ಕಿಂತ, ತಿದ್ದಿದ್ದನ್ನು ಮುಚ್ಚಿಡೋದೇ ದೊಡ್ಡ ತಪ್ಪು ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಆದ್ರೂ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ, ಹಿಂದುಗಡೆ ಯಾರು ತಿರುಗಿಸಿ ನೋಡ್ತಾರೆ?