ಹಿಂದೆ ಸರಿದ ಗೆರೆ



ಮೈಸೂರಿನವರಾದ ನಮಗೆ ಕಡಲು ದೂರ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹರಿಗೋಲಿನಲ್ಲಿ ಕುಳಿತು ಬಲೆ ಬಿಡುವವರನ್ನು ಕಂಡಿದ್ದೇವೆ, ಅಷ್ಟೇ. ಆದರೆ ಮಂಗಳೂರು, ಮಲ್ಪೆಯ ಕಡಲಿಗಿಳಿಯುವ ದೋಣಿಗಳಲ್ಲಿ ಇಂದು ‘ಫಿಶ್ ಫೈಂಡರ್’ ಎಂಬ ಉಪಕರಣವನ್ನೂ ಕಾಣಬಹುದು. ಅದರ ಪರದೆಯನ್ನು ಓದಲು ಕಲಿಯುವವರು ಮೊದಲು ತಿಳಿಯಬೇಕಾದ ಪಾಠ ನಮ್ಮ ಕುಟುಂಬಗಳಿಗೂ ಅಗತ್ಯವಾದದ್ದು.

ಈ ಉಪಕರಣ ನೋಡುವುದಿಲ್ಲ, ಆಲಿಸುತ್ತದೆ. ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ದೋಣಿಯ ತಳದಿಂದ ನೀರಿನೊಳಕ್ಕೆ ಕಳುಹಿಸಿ ಪ್ರತಿಧ್ವನಿಗಾಗಿ ಕಾಯುತ್ತದೆ. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ಪ್ರತಿಧ್ವನಿ ಸೆಕೆಂಡಿನ 25ನೇ ಒಂದು ಭಾಗದಲ್ಲಿ ಮರಳಿದರೆ, ಹೋಗಿಬಂದ ದಾರಿ 60 ಮೀಟರ್, ಆಳ 30 ಮೀಟರ್. ಅನೇಕ ಮೀನುಗಳ ಒಡಲಿನಲ್ಲಿ ಗಾಳಿಚೀಲವಿರುತ್ತದೆ. ಅದಕ್ಕೆ ತಾಗಿದ ಶಬ್ದ ಬಲವಾಗಿ ಹಿಂತಿರುಗಿ ಪರದೆಯ ಮೇಲೆ ಗೆರೆಯಾಗುತ್ತದೆ. ದೋಣಿ ಮೀನನ್ನು ದಾಟಿ ಸಾಗುವಾಗ ಆ ಗೆರೆ ಕಮಾನಿನಂತೆ ಬಾಗುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಪರದೆಯ ಮೇಲಿರುವುದೆಲ್ಲ ಈಗ ದೋಣಿಯ ಕೆಳಗಿದೆ ಎಂದು ಭಾವಿಸುತ್ತಾರೆ. ಆದರೆ ಪರದೆಯ ಬಲ ಅಂಚು ಮಾತ್ರ ಈ ಕ್ಷಣದ್ದು. ಎಡಕ್ಕೆ ಸರಿದದ್ದೆಲ್ಲ ಕಳೆದ ಹೊತ್ತಿನ ದಾಖಲೆ. ಅದು ಸುಳ್ಳಲ್ಲ, ಆದರೆ ಈಗಿನದೂ ಅಲ್ಲ. ಅದನ್ನೇ ನಂಬಿ ಇಲ್ಲಿ ಬಲೆ ಬೀಸಿದರೆ ಸಿಗುವುದು ಬರೀ ನೀರು.

ನಾವು ಮನೆಯಲ್ಲಿ ಮಾಡುವುದೂ ಇದನ್ನೇ ಅಲ್ಲವೇ? ಮಗ ಎಂದೋ ಹಣ ಕದ್ದಿದ್ದ; ಇಂದಿಗೂ ಅವನು ಬಂದೊಡನೆ ನಮ್ಮ ಕಣ್ಣು ಬೀರುವಿನ ಬೀಗದ ಮೇಲೆ. ಗಂಡ ಕುಡಿತ ಬಿಟ್ಟು ವರ್ಷವಾಯಿತು. ಪ್ರತಿ ಜಗಳದಲ್ಲೂ ಬಾಟಲಿಯ ಮಾತು. ಸೊಸೆ ಮದುವೆಯಾದ ಹೊಸದರಲ್ಲಿ ಆಡಿದ ಒಂದು ಮಾತು ಅತ್ತೆಯ ಮನದಲ್ಲಿ ಇನ್ನೂ ಅಳಿದಿಲ್ಲ. ನಾವು ಅವರನ್ನು ಆಲಿಸುತ್ತಿಲ್ಲ, ಹಳೆಯ ಗೆರೆಯನ್ನೇ ಓದುತ್ತಿದ್ದೇವೆ.

ಪರದೆಯನ್ನು ಓದಲು ಇನ್ನೊಂದು ಎಚ್ಚರವೂ ಬೇಕು. ಉಪಕರಣದ ಸಂವೇದನೆಯನ್ನು ಅತಿಯಾಗಿ ಏರಿಸಿದರೆ ನೀರಿನ ಗುಳ್ಳೆ, ಕಸಕಡ್ಡಿಗಳೂ ಪರದೆಯನ್ನು ತುಂಬುತ್ತವೆ. ತೀರಾ ಇಳಿಸಿದರೆ ಇರುವ ಮೀನೂ ಕಾಣದು. ಸಂಶಯ ಮಿತಿಮೀರಿದ ಮನೆಯಲ್ಲಿ ಪ್ರತಿ ಮಾತೂ ಅಪರಾಧ. ಅಸಡ್ಡೆ ತುಂಬಿದ ಮನೆಯಲ್ಲಿ ಕಣ್ಣೀರೂ ಕೇಳಿಸದು.

ಹಾಗಾದರೆ ಕ್ಷಮೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದೇ? ಅಲ್ಲ. ಇಂದಿಗೂ ಕೈಯೆತ್ತುವ ಗಂಡನಿದ್ದರೆ ಬಲ ಅಂಚೇ ಅದನ್ನು ಹೇಳುತ್ತದೆ. ಅದನ್ನು ಸಹಿಸಿಕೊಂಡು ಸುಮ್ಮನಿರಬೇಕಾಗಿಲ್ಲ. ನೆರವು ಕೇಳಬೇಕು. ಈಗಿನದನ್ನು ಈಗಿನದಾಗಿ ಓದುವುದೇ ಸತ್ಯ.

ಸಂತ ಯೊವಾನ್ನರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಸಂತ ಪೇತ್ರರು ಬೆಂಕಿ ಕಾಯಿಸಿಕೊಳ್ಳುತ್ತಾ ತಾವು ಆ ಗುರುವಿನ ಶಿಷ್ಯರಲ್ಲ ಎನ್ನುತ್ತಾರೆ. ಒಟ್ಟು ಮೂರು ಬಾರಿ ನಿರಾಕರಿಸುತ್ತಾರೆ. 21ನೇ ಅಧ್ಯಾಯದಲ್ಲಿ ಅವರು ರಾತ್ರಿಯಿಡೀ ದುಡಿದರೂ ಒಂದು ಮೀನೂ ಸಿಗಲಿಲ್ಲ. ಬೆಳಗಾದಾಗ ತಿಬೇರಿಯ ಸರೋವರದ ದಡದಲ್ಲಿ ಮತ್ತೆ ಕೆಂಡದ ಬೆಂಕಿ. ಪುನರುತ್ಥಾನರಾದ ಪ್ರಭು ಅಲ್ಲಿ ಊಟ ಸಿದ್ಧಮಾಡಿದ್ದಾರೆ. ಅಂದು ಏಕೆ ಹಾಗೆ ಮಾಡಿದೆ ಎಂದು ಅವರು ಕೇಳುವುದಿಲ್ಲ. ಈಗ ನನ್ನನ್ನು ಪ್ರೀತಿಸುವೆಯಾ ಎಂದು ಮೂರು ಬಾರಿ ಕೇಳುತ್ತಾರೆ. ಪೇತ್ರರ ಹಳೆಯ ಗೆರೆ ಪ್ರಭುವಿಗೆ ಗೊತ್ತಿತ್ತು. ಆದರೂ ಅವರು ಆಲಿಸಿದ್ದು ಅಂದಿನ ಪೇತ್ರರನ್ನಲ್ಲ, ಎದುರಿಗೆ ನಿಂತವರನ್ನು.

ಪ್ರಿಯರೇ, ನಿಮ್ಮ ಮನೆಯಲ್ಲಿ ಮಾತು ನಿಂತುಹೋದವರು ಯಾರಾದರೂ ಇದ್ದಾರೆಯೇ? ಈ ಭಾನುವಾರ ಪೂಜೆಯಿಂದ ಬಂದ ಮೇಲೆ ಅವರ ಪಕ್ಕದಲ್ಲಿ ಕುಳಿತು, ಹಳೆಯದೇನನ್ನೂ ಎತ್ತದೆ, “ಈಗ ಹೇಗಿದ್ದೀಯ?” ಎಂದು ಕೇಳಿ. ಉತ್ತರ ಮರಳಿ ಬರುವವರೆಗೆ ಕಾಯಿರಿ.