ಒಂದೇ ಅಡಿಗೆಮನೆಯಲ್ಲಿ ಒಬ್ಬನ ವ್ರತ

ನನ್ನ ಮಗಳ ಮಗನು ವ್ಯಾಸಂಗಕ್ಕಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೊರಟಾಗ, ಹೊಸಹಳ್ಳಿಯ ನಮ್ಮ ಮನೆಯಲ್ಲಿ ಜಿನಬಿಂಬದ ಮುಂದೆ ನಿಲ್ಲಿಸಿ ನಾನೇ ಅವನಿಂದ ಸಂಕಲ್ಪ ಮಾಡಿಸಿದೆನು. ಮದ್ಯ, ಮಾಂಸ, ಮಧುಗಳ ತ್ಯಾಗ ಮತ್ತು ರಾತ್ರಿಭೋಜನ ತ್ಯಾಗ, ಎಲ್ಲವೂ ಯಾವಜ್ಜೀವ. ಹುಡುಗನು ಮರುಮಾತಾಡದೆ ಒಪ್ಪಿದನು. ಅದೇ ನನಗೆ ಹೆಮ್ಮೆಯಾಯಿತು.

ಅಲ್ಲಿ ನಾಲ್ವರು ವಿದ್ಯಾರ್ಥಿಗಳು ಕೂಡಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಮಲಗುವ ಕೋಣೆ ಬೇರೆ ಬೇರೆ. ಅಡಿಗೆಮನೆ, ಒಲೆ, ಶೀತಕಪಾಟು ಒಂದೇ. ಎರಡು ತಿಂಗಳ ಮೇಲೆ ಅವನು ದೂರವಾಣಿಯಲ್ಲಿ ಕೇಳಿದನು: “ಅಜ್ಜ, ಅವರು ಮಾಂಸ ಬೇಯಿಸಿದ ಬಾಣಲೆಯಲ್ಲಿ ತಿಳಿಯದೆ ಒಗ್ಗರಣೆ ಹಾಕಿಬಿಟ್ಟೆ. ವ್ರತ ಮುರಿಯಿತೇ?”

ಮುರಿದಿಲ್ಲವೆಂದೆನು. ತಿಳಿಯದೆ ಆದದ್ದಕ್ಕೆ ಆಲೋಚನೆಯಿದೆ, ಪ್ರತಿಕ್ರಮಣವಿದೆ; ಬೇರೆ ಬಾಣಲೆಯೊಂದನ್ನು ಕೊಂಡರೆ ಮುಂದಿನ ಶಂಕೆಯೂ ಇಲ್ಲ. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಮಾಂಸದ ಹೊಗೆಯಿಂದ ತನಗೆ ಉಸಿರಾಟದ ತೊಂದರೆಯಾಗುತ್ತದೆ, ವೈದ್ಯರೇ ಹೇಳಿದ್ದಾರೆ ಎಂದು ಅವನು ಜೊತೆಯವರಿಗೆ ಹೇಳಿದ್ದನಂತೆ. ಅವರು ನಂಬಿದರು. ಮನೆಯಲ್ಲಿ ಬೇಯಿಸುವುದನ್ನೇ ಬಿಟ್ಟು, ಚಳಿಯಲ್ಲಿ ಹೊರಗೆ ಹೋಗಿ ಹೆಚ್ಚು ಹಣ ತೆತ್ತು ಉಣ್ಣುತ್ತಿದ್ದರು. ಇದನ್ನು ಅವನು ತಪ್ಪೆಂದು ಹೇಳಲಿಲ್ಲ. ವ್ರತರಕ್ಷಣೆಯ ಉಪಾಯವೆಂದು ಹೇಳಿದನು.

ಇಲ್ಲಿಯೇ ವಿಚಾರವಿರುವುದು. ಶಲ್ಯವಿಲ್ಲದವನೇ ವ್ರತಿಯೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಮಾಯೆ, ನಿದಾನ, ಮಿಥ್ಯಾದರ್ಶನ ಎಂಬ ಮೂರು ಶಲ್ಯಗಳಲ್ಲಿ ಮಾಯೆಯೆಂದರೆ ಕಪಟವಲ್ಲದೆ ಮತ್ತೇನು? ಬಾಣಲೆ ಮುಟ್ಟದ ವ್ರತವನ್ನು ಸುಳ್ಳು ಮುಟ್ಟಿತು. ಇನ್ನೊಂದು ಮಾತು. ಅದೇ ಏಳನೆಯ ಅಧ್ಯಾಯದಲ್ಲಿ ಅಸ್ತೇಯವ್ರತದ ಐದು ಭಾವನೆಗಳನ್ನು ಹೇಳುವಾಗ ಆಚಾರ್ಯರು ಪರೋಪರೋಧಾಕರಣವನ್ನು ಎಣಿಸಿದ್ದಾರೆ: ತಾನು ತಂಗಿದೆಡೆಯಲ್ಲಿ ಇತರರಿಗೆ ಅಡ್ಡಿಯಾಗದಿರುವುದು. ಅದು ಶೂನ್ಯಾಗಾರಗಳಲ್ಲಿ ನೆಲಸುವ ಮುನಿಗಳಿಗೆ ಹೇಳಿದ್ದೆಂದು ಬಲ್ಲೆ. ಬಾಡಿಗೆಮನೆಯ ಗೃಹಸ್ಥನಿಗೆ ಎಳೆದು ಹಚ್ಚಬಾರದೆಂದು ಪಂಡಿತರೊಬ್ಬರು ನನ್ನನ್ನು ಆಕ್ಷೇಪಿಸಿದ್ದೂ ಉಂಟು. ಆದರೂ ಕಳವಿನ ಪ್ರಕರಣದಲ್ಲಿ ಈ ಮಾತು ಏಕೆ ಬಂದಿತು? ಬಾಡಿಗೆಯ ನಾಲ್ಕನೆಯ ಒಂದು ಪಾಲು ಕೊಟ್ಟು ಒಲೆಯನ್ನೆಲ್ಲ ತನ್ನ ವ್ರತಕ್ಕೆ ಕಟ್ಟಿಕೊಂಡವನು ಉಳಿದ ಮೂವರ ಪಾಲನ್ನು ತೆಗೆದುಕೊಂಡಂತೆಯೇ ಅಲ್ಲವೇ?

1888ರಲ್ಲಿ ಲಂಡನ್ನಿಗೆ ಹೊರಟ ಗಾಂಧಿಯವರಿಗೆ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ತೊರೆಯುವ ಪ್ರತಿಜ್ಞೆ ಮಾಡಿಸಿದವರು ಬೇಚರಜೀ ಸ್ವಾಮಿಯೆಂಬ ಜೈನ ಸಾಧು. ಅಲ್ಲಿ ಕೆಲವರ ಮಾತು ಕೇಳಿ ಅವರು ಕೆಲವು ದಿನ ಮೊಟ್ಟೆ ತಿಂದರು. ತಾಯಿಯ ಅರ್ಥದಲ್ಲಿ ಮಾಂಸವೆಂದರೆ ಮೊಟ್ಟೆಯೂ ಸೇರುತ್ತದೆಂದು ಹೊಳೆದೊಡನೆ ಬಿಟ್ಟರು. ಆಮೇಲೆ ಸಸ್ಯಾಹಾರದ ಭೋಜನಶಾಲೆಗಳಲ್ಲಿಯೂ ಯಾವುದರಲ್ಲಿ ಮೊಟ್ಟೆಯಿದೆಯೆಂದು ವಿಚಾರಿಸಿಯೇ ಉಣ್ಣಬೇಕಾಯಿತು. ಆ ಸಂಕೋಚವನ್ನು ಅವರೇ ಹೊತ್ತರು.

ಹುಡುಗನನ್ನು ಗದರಿಸಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕಾಲಮಿತಿಯುಳ್ಳ ನಿಯಮವೆಂದೂ ಬಾಳಿರುವವರೆಗಿನ ಯಮವೆಂದೂ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದು ನನಗೆ ತಿಳಿಯದ್ದೇ? ವ್ಯಾಸಂಗದ ಎರಡು ವರ್ಷಕ್ಕೆ ರಾತ್ರಿಭೋಜನದ ವಿಷಯದಲ್ಲಿ ನಿಯಮ ಸಾಕಿತ್ತು. ಹೊಸಹಳ್ಳಿಯಲ್ಲಿ ವರ್ಷವಿಡೀ ಸೂರ್ಯನು ಆರರ ಆಸುಪಾಸಿನಿಂದ ಏಳರೊಳಗೆ ಮುಳುಗುತ್ತಾನೆ. ಎಡಿನ್‌ಬರೋದಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ 3 ಗಂಟೆ 40 ನಿಮಿಷದ ಸುಮಾರಿಗೇ ಅಸ್ತಮಾನ; ಜೂನಿನಲ್ಲಿ ರಾತ್ರಿ ಹತ್ತಕ್ಕೆ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷಾಂಶ ರೇಖಾಂಶಗಳ ಪಾಠ ಹೇಳಿದ ನಾನು ಭೂಪಟದ ಕಡೆ ಒಮ್ಮೆಯೂ ನೋಡಲಿಲ್ಲ. ಅವನು ಸುಳ್ಳು ಹೇಳಿದ್ದು ಅಡಿಗೆಮನೆಯಲ್ಲಿ. ಅದಕ್ಕೆ ಮೊದಲೇ, ಅಜ್ಜನ ಮುಖ ನೋಡಿ, ಅರ್ಥವಾಗದ್ದಕ್ಕೆ ತಲೆದೂಗಿದ್ದನು. ಹಾಗೆ ತಲೆದೂಗಿಸಿದವನು ನಾನು.

ಮರುವಾರ ಮತ್ತೆ ಮಾತಾಡಿದನು. ಜೊತೆಯವರಿಗೆ ನಿಜ ಹೇಳಿದನಂತೆ. ಒಬ್ಬನು ಎಂಟು ದಿನ ಮಾತು ಬಿಟ್ಟನು, ಬಿಡುವುದೂ ನ್ಯಾಯವೇ. ಈಗ ಒಲೆಯ ಬಲಗಡೆಯ ಉರಿ, ಕಪಾಟಿನ ಮೇಲಿನ ಹಲಗೆ, ಒಂದು ಬಾಣಲೆ ಇವನವು. ಅವರು ಬೇಯಿಸುವಾಗ ಇವನು ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಾನೆ. ಸಂಧ್ಯಾಭೋಜನದ ಸಂಕಲ್ಪವನ್ನು ಕಾಲಮಿತಿಗೆ ಇಳಿಸಬಹುದೇ ಎಂದು ಮುನಿಗಳನ್ನು ಕೇಳಿ ಬರುತ್ತೇನೆಂದೆನು. “ಈ ಚಳಿಗಾಲ ಕಳೆಯಲಿ, ಅಜ್ಜ, ಆಮೇಲೆ ನೀವು ಕೇಳಿರಿ” ಎಂದನು. ಪಾಠಗಳ ನಡುವೆ ಮೂರು ಗಂಟೆಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ಚಪಾತಿ ತಿನ್ನುತ್ತಾನಂತೆ. ಜೂನಿನಲ್ಲಿ ಏನು ಮಾಡುವೆಯೆಂದು ನಾನಿನ್ನೂ ಕೇಳಿಲ್ಲ.